ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಂಗೊದ ರಬ್ಬರಿನ ಲೆಕ್ಕ

ಬೆಲ್ಜಿಯಂನ ದೊರೆ ಎರಡನೆಯ ಲಿಯೋಪೋಲ್ಡ್ ಮಧ್ಯ ಆಫ್ರಿಕಾದ ಕಾಂಗೊ ಪ್ರದೇಶವನ್ನು 1885ರಿಂದ 1908ರವರೆಗೆ ತನ್ನ ಖಾಸಗಿ ಆಸ್ತಿಯಂತೆ ಆಳಿದನೆಂದೂ, ಒಮ್ಮೆಯೂ ಅಲ್ಲಿಗೆ ಕಾಲಿಡಲಿಲ್ಲವೆಂದೂ ಕಳೆದ ಸಂಚಿಕೆಯ ಕಿರುಟಿಪ್ಪಣಿಯೊಂದರಲ್ಲಿ ಬರೆದಿದ್ದೆ. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಬರ್ಲಿನ್ ಸಮ್ಮೇಳನದಲ್ಲಿ ಯುರೋಪಿನವರು ನಕಾಶೆ ಹರಡಿಕೊಂಡು, ಅಳತೆಪಟ್ಟಿ ಹಿಡಿದು, ಆಫ್ರಿಕಾವನ್ನು ಕೇಕಿನಂತೆ ಕತ್ತರಿಸಿ ಹಂಚಿಕೊಂಡರೆಂದು ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ಇದು ಸರಿಯೇ?
— ಪ್ರೌಢಶಾಲಾ ಶಿಕ್ಷಕಿ, ಧಾರವಾಡ

ಅರ್ಧ ಸರಿ. ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕರೆದ ಆ ಸಭೆ 1884ರ ನವೆಂಬರ್ 15ರಂದು ಆರಂಭವಾಗಿ 1885ರ ಫೆಬ್ರವರಿ 26ಕ್ಕೆ ಮುಗಿಯಿತು. ಅಮೆರಿಕ ಮತ್ತು ಆಟೊಮನ್ ಸಾಮ್ರಾಜ್ಯವೂ ಸೇರಿ 14 ರಾಷ್ಟ್ರಗಳ ಪ್ರತಿನಿಧಿಗಳು ಕುಳಿತಿದ್ದರು. ಯಾರ ನೆಲದ ಮಾತು ನಡೆದಿತ್ತೋ ಅವರ ಪೈಕಿ ಒಬ್ಬರೂ ಅಲ್ಲಿರಲಿಲ್ಲ. ಆದರೆ ಇಂದು ನಾವು ನೋಡುವ ಗಡಿಗೆರೆಗಳಲ್ಲಿ ಹೆಚ್ಚಿನವು ಆ ಮೇಜಿನ ಮೇಲೆ ಎಳೆದವಲ್ಲ. ಕಾಂಗೊ ನದಿಯ ಜಲಾನಯನ ಪ್ರದೇಶದಲ್ಲಿ ಎಲ್ಲರಿಗೂ ಮುಕ್ತ ವ್ಯಾಪಾರ, ಕಾಂಗೊ ಮತ್ತು ನೈಜರ್ ನದಿಗಳಲ್ಲಿ ಮುಕ್ತ ಸಂಚಾರ, ಕರಾವಳಿಯಲ್ಲಿ ಹೊಸದಾಗಿ ನೆಲ ಹಿಡಿಯುವವರು ಅದನ್ನು ಉಳಿದವರಿಗೆ ತಿಳಿಸಿ ಅಲ್ಲಿ ಆಡಳಿತವನ್ನೂ ನಡೆಸಬೇಕೆಂಬ ನಿಯಮ, ಇವು ಅಲ್ಲಿ ಆದ ತೀರ್ಮಾನಗಳು. ಅಂದರೆ ಹಂಚಿಕೆಗಿಂತ ಹೆಚ್ಚಾಗಿ ಹಂಚಿಕೆಯ ನಿಯಮಾವಳಿ ಸಿದ್ಧವಾಯಿತು; ಗೆರೆ ಎಳೆಯುವ ಕೆಲಸ ಮುಂದಿನ ವರ್ಷಗಳಲ್ಲಿ ಇಬ್ಬಿಬ್ಬರ ನಡುವಿನ ಒಪ್ಪಂದಗಳಲ್ಲಿ ನಡೆಯಿತು.

ಮಕ್ಕಳಿಗೆ ತೋರಿಸಲು ಒಳ್ಳೆಯ ಉದಾಹರಣೆಯೊಂದಿದೆ. ನಮೀಬಿಯದ ನಕಾಶೆ ತೆಗೆದು ಈಶಾನ್ಯ ಮೂಲೆಯನ್ನು ನೋಡಲು ಹೇಳಿ. ಅಲ್ಲಿ ಪೂರ್ವಕ್ಕೆ ಬೆರಳು ಚಾಚಿದಂತೆ ಒಂದು ಉದ್ದನೆಯ ಪಟ್ಟಿಯಿದೆ. ಜಾಂಬೆಜಿ ನದಿಯವರೆಗೆ ತನಗೆ ದಾರಿ ಬೇಕೆಂದು ಜರ್ಮನಿ 1890ರಲ್ಲಿ ಬ್ರಿಟನ್ನಿನೊಂದಿಗೆ ಮಾಡಿಕೊಂಡ ಒಪ್ಪಂದದ ಗುರುತು ಅದು. ಆಗಿನ ಚಾನ್ಸಲರ್ ಕಾಪ್ರಿವಿಯ ಹೆಸರೇ ಆ ಪಟ್ಟಿಗೆ ಬಿತ್ತು. ಇನ್ನು ಕಾಂಗೊ ನದಿಯ ಮುಖಭಾಗದಲ್ಲಿ ಒಂದೇ ಭಾಷಾಪರಂಪರೆಯ ಬಕಾಂಗೊ ಜನರು ಫ್ರಾನ್ಸ್, ಪೋರ್ಚುಗಲ್ ಮತ್ತು ಲಿಯೋಪೋಲ್ಡ್ ಎಂಬ ಮೂರು ಯಜಮಾನರ ಪಾಲಾದರು.

ಕೇಕಿನ ಮಾತು ಮಾತ್ರ ಪಠ್ಯಪುಸ್ತಕದವರ ಕಲ್ಪನೆಯಲ್ಲ. ಆಫ್ರಿಕಾ ಎಂಬ ಭವ್ಯವಾದ ಕೇಕಿನಲ್ಲಿ ಒಂದು ತುಂಡು ತನಗೂ ಸಿಗುವ ಅವಕಾಶವನ್ನು ಕೈಬಿಡಬಾರದೆಂದು 1877ರಲ್ಲೇ ಲಂಡನ್ನಿನ ತನ್ನ ರಾಯಭಾರಿಗೆ ಬರೆದವನು ಲಿಯೋಪೋಲ್ಡನೇ. ಆ ತುಂಡಿಗಾಗಿ ಅವನು ಹೆನ್ರಿ ಮಾರ್ಟನ್ ಸ್ಟ್ಯಾನ್ಲಿ ಎಂಬ ಪ್ರವಾಸಿಯನ್ನು ಸಂಬಳಕ್ಕಿಟ್ಟುಕೊಂಡು ನದಿಯುದ್ದಕ್ಕೂ ಊರಿನ ಮುಖ್ಯಸ್ಥರಿಂದ ನೂರಾರು ಕರಾರುಗಳಿಗೆ ಗುರುತು ಹಾಕಿಸಿಕೊಂಡ. 1884ರ ಏಪ್ರಿಲ್ ತಿಂಗಳ ಅಂಥ ಒಂದು ಕರಾರಿನ ಪ್ರಕಾರ, ಸಹಿ ಹಾಕಿದ ಪ್ರತಿ ಮುಖ್ಯಸ್ಥನಿಗೆ ತಿಂಗಳಿಗೆ ಒಂದು ತುಂಡು ಬಟ್ಟೆ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಅವರು ನೆಲದ ಮೇಲಿನ ಒಡೆತನವನ್ನೂ ಆಳುವ ಹಕ್ಕನ್ನೂ ಬಿಟ್ಟುಕೊಟ್ಟು, ಕರೆದಾಗ ಜನರನ್ನು ದುಡಿಮೆಗೆ ಕಳಿಸಬೇಕು. ಅವರು ಓದಲಾಗದ ಭಾಷೆಯಲ್ಲಿ ಬರೆದ ಆ ಕಾಗದವನ್ನೇ ಹಿಡಿದು ಯುರೋಪಿನ ರಾಜಧಾನಿಗಳಲ್ಲಿ ಮಾನ್ಯತೆ ಗಳಿಸಲಾಯಿತು. ಹೀಗೆ ಅವನ ಕೈಸೇರಿದ ನೆಲ ಬೆಲ್ಜಿಯಂಗಿಂತ 70 ಪಟ್ಟಿಗೂ ದೊಡ್ಡದು.

ನಮ್ಮದು ನಾಲ್ಕು ಎಕರೆ ರಬ್ಬರ್ ತೋಟ. ಬೆಳಗಿನ ಜಾವ ಟ್ಯಾಪಿಂಗ್ ಮಾಡಿ, ಗೆರಟೆಗೆ ಇಳಿದ ಹಾಲನ್ನು ಬಿಸಿಲೇರುವ ಮುನ್ನ ಒಟ್ಟು ಮಾಡಿ, ಆಸಿಡ್ ಹಾಕಿ ಶೀಟ್ ಮಾಡುತ್ತೇವೆ. ಕಾಂಗೊದಲ್ಲಿ ರಬ್ಬರಿಗಾಗಿ ಜನರ ಕೈ ಕಡಿಯುತ್ತಿದ್ದರೆಂದು ಕೇಳಿದ್ದೇನೆ. ಕೈ ಕಡಿದರೆ ಟ್ಯಾಪಿಂಗ್ ಮಾಡುವವರು ಯಾರು? ಕೆಲಸದವನ ಕೈಯನ್ನೇ ಕಡಿಯುವ ಧಣಿ ಇರುತ್ತಾನೆಯೇ?
— ಕೃಷಿಕರು, ಸುಳ್ಯ

ಇತಿಹಾಸ ಓದಿದವರಿಗೂ ಸುಲಭವಾಗಿ ಹೊಳೆಯದ ಪ್ರಶ್ನೆಯಿದು. ಕೆಲಸ ಬಲ್ಲವರಷ್ಟೇ ಕೇಳಬಹುದಾದದ್ದು. ಹಾಗಾಗಿ ಉತ್ತರವೂ ತುಸು ಉದ್ದವಾಗುತ್ತದೆ.

ನಿಮ್ಮ ತೋಟದಲ್ಲಿರುವುದು ಬ್ರೆಜಿಲ್ ಮೂಲದ ಮರ. ಕಾಂಗೊದಲ್ಲಿದ್ದದ್ದು ಲ್ಯಾಂಡೊಲ್ಫಿಯ ಎಂಬ ಕಾಡುಬಳ್ಳಿ. ಯಾರೂ ನೆಡದೆ, ಯಾರೂ ಸಾಲು ಹಿಡಿಸದೆ, ದಟ್ಟ ಕಾಡಿನ ಮರಗಳನ್ನು ಸುತ್ತಿಕೊಂಡು ನೂರಾರು ಅಡಿ ಹಬ್ಬುವಂಥದು. ಊರಿನ ಸಮೀಪದ ಬಳ್ಳಿಗಳು ಬತ್ತಿದಂತೆಲ್ಲ ಗಂಡಸರು ದಿನಗಟ್ಟಲೆ ನಡೆದು ಒಳಕಾಡಿಗೆ ಹೋಗಬೇಕಾಗುತ್ತಿತ್ತು, ಮರವೇರಿ ಗಾಯ ಮಾಡಬೇಕಾಗುತ್ತಿತ್ತು, ಕೊಟ್ಟ ಗಡುವಿಗೆ ತೂಕ ತುಂಬದಿದ್ದಾಗ ಬಳ್ಳಿಯನ್ನೇ ಕಡಿದು ಹಿಂಡಬೇಕಾಗುತ್ತಿತ್ತು. ಹಾಗೆ ಕಡಿದ ಬಳ್ಳಿ ಸತ್ತುಹೋಗುತ್ತಿದ್ದುದರಿಂದ ಮುಂದಿನ ಸಲ ಇನ್ನಷ್ಟು ದೂರ ನಡೆಯಬೇಕಾಗುತ್ತಿತ್ತು. ಅಲ್ಲಿ ಆಸಿಡ್ ಇಲ್ಲ, ಟ್ರೇ ಇಲ್ಲ. ಹಾಲು ಹೆಪ್ಪುಗಟ್ಟಲೆಂದು ತೋಳಿಗೆ, ಎದೆಗೆ, ತೊಡೆಗೆ ಬಳಿದುಕೊಂಡು ಒಣಗಿಸಿ, ಆಮೇಲೆ ಮೈಕೂದಲ ಸಮೇತ ಕಿತ್ತು ತೆಗೆಯುತ್ತಿದ್ದರು. ಕೈಗೆ ಅಂಟಿದ ರಬ್ಬರನ್ನು ಉಜ್ಜಿ ಬಿಡಿಸಿದ ಅನುಭವ ನಿಮಗಿದ್ದೇ ಇರುತ್ತದೆ.

1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ ಮೇಲೆ ಮೊದಲು ಸೈಕಲ್ಲಿಗೆ, ಅನಂತರ ಮೋಟಾರು ಗಾಡಿಗೆ ರಬ್ಬರು ಎಷ್ಟಿದ್ದರೂ ಸಾಲದಾಯಿತು. ಏಷ್ಯಾದ ತೋಟಗಳಲ್ಲಿ ನೆಟ್ಟ ಸಸಿಗಳು ಹಾಲು ಕೊಡುವಷ್ಟು ಬೆಳೆಯಲು ಹಲವು ವರ್ಷ ಬೇಕಿತ್ತು. ಅಷ್ಟರೊಳಗೆ ಕಾಡಿನಿಂದ ಬಾಚಿದಷ್ಟೂ ಲಾಭವೆಂಬುದು ಲಿಯೋಪೋಲ್ಡನಿಗೆ ಚೆನ್ನಾಗಿ ಗೊತ್ತಿತ್ತು. 1890ರಲ್ಲಿ ನೂರು ಟನ್ನಿನ ಆಸುಪಾಸಿನಲ್ಲಿದ್ದ ಕಾಂಗೊದ ರಬ್ಬರ್ ರಫ್ತು 1901ರ ಹೊತ್ತಿಗೆ ಸುಮಾರು 6,000 ಟನ್ನಿಗೇರಿತು.

ಬಳ್ಳಿ ಜನರದಲ್ಲ, ಸರ್ಕಾರದ್ದು ಎಂದು ಹೇಗೆ ಆಯಿತೆಂದರೆ, 1885ರ ಜುಲೈ 1ರ ಒಂದು ಆಜ್ಞೆಯಿಂದ. 'ಖಾಲಿ' ಜಮೀನೆಲ್ಲ ಸರ್ಕಾರದ ಸ್ವತ್ತು ಎಂದು ಅದು ಸಾರಿತು. ನಮ್ಮ ಮಲೆನಾಡಿನ ಕುಮರಿ ಬೇಸಾಯದ ಬಗೆ ಗೊತ್ತಿದ್ದವರಿಗೆ ಇದರ ಮರ್ಮ ಕೂಡಲೇ ತಿಳಿಯುತ್ತದೆ. ಕೆಲವು ವರ್ಷ ಉತ್ತು ಬಿತ್ತಿ, ಮತ್ತೆ ಕಾಡಿಗೆ ಬಿಟ್ಟ ನೆಲ ಖಾಲಿಯಾಗಿ ಕಂಡರೂ ಖಾಲಿಯಲ್ಲ. ಬೇಟೆಗೆ, ಸೌದೆಗೆ, ಜೇನಿಗೆ ಹೋಗುವ ಕಾಡೂ ಖಾಲಿಯಲ್ಲ. ಆಜ್ಞೆ ಬರೆದವರ ಪ್ರಕಾರ ಗುಡಿಸಲು ಮತ್ತು ಅದರ ಸುತ್ತಲಿನ ಹೊಲ ಬಿಟ್ಟು ಉಳಿದದ್ದೆಲ್ಲ ಖಾಲಿಯೇ. 1891 ಮತ್ತು 1892ರ ಆಜ್ಞೆಗಳಿಂದ ಆ ಕಾಡಿನ ರಬ್ಬರು ಮತ್ತು ದಂತವೂ ಸರ್ಕಾರದ್ದಾಯಿತು. ದೊಡ್ಡ ದೊಡ್ಡ ಭಾಗಗಳನ್ನು ಕಂಪನಿಗಳಿಗೆ ಗುತ್ತಿಗೆ ಕೊಟ್ಟು, ಲಾಭದಲ್ಲಿ ಸರ್ಕಾರ ಪಾಲು ಇಟ್ಟುಕೊಂಡಿತು. ಅವುಗಳಲ್ಲಿ ಕುಖ್ಯಾತವಾದದ್ದು ಆಂಗ್ಲೊ-ಬೆಲ್ಜಿಯನ್ ಇಂಡಿಯಾ ರಬ್ಬರ್ ಕಂಪನಿ. (ಹೆಸರಿನಲ್ಲಿ ಇಂಡಿಯಾ ಇದ್ದರೂ ನಮಗೂ ಅದಕ್ಕೂ ಸಂಬಂಧವಿಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ರಬ್ಬರಿಗೇ 'ಇಂಡಿಯಾ ರಬ್ಬರ್' ಎನ್ನುತ್ತಿದ್ದರು.) ಅದರ ಗುತ್ತಿಗೆ ಪ್ರದೇಶದಲ್ಲಿ ಪ್ರತಿ ವಯಸ್ಕ ಗಂಡಸು ಹದಿನೈದು ದಿನಕ್ಕೊಮ್ಮೆ ಮೂರರಿಂದ ನಾಲ್ಕು ಕಿಲೋ ಒಣ ರಬ್ಬರು ತಂದು ಹಾಕಬೇಕಿತ್ತು. ಇದನ್ನು ತೆರಿಗೆ ಎಂದು ಕರೆದರು. ಕೈಗೆ ಸಿಗುತ್ತಿದ್ದದ್ದು ಒಂದಿಷ್ಟು ಬಟ್ಟೆ, ಮಣಿ, ಕೆಲವು ಚಮಚ ಉಪ್ಪು.

ಕಾಡಿಗೆ ಹೋದವನು ಓಡಿಹೋಗದಂತೆ ಕಾಯುವುದು ಹೇಗೆ? ಕಂಪನಿಯ ಬಂದೂಕುಧಾರಿಗಳು ಊರಿಗೆ ಬಂದು ಹೆಂಗಸರನ್ನು ಹಿಡಿದು ಬೇಲಿಯೊಳಗೆ ಕೂಡಿಹಾಕುತ್ತಿದ್ದರು. ಗಂಡಂದಿರು ಹೇಳಿದಷ್ಟು ರಬ್ಬರು ತಂದ ಮೇಲೆ ಬಿಡುಗಡೆ. ಹೊಲ ಮಾಡುವವರು ಹೆಂಗಸರೇ ಆಗಿದ್ದುದರಿಂದ ಬಿತ್ತನೆ ತಪ್ಪಿ, ಹಸಿವು ಹೊಕ್ಕಿತು. ತೂಕ ಕಡಿಮೆಯಾದವನಿಗೆ ಚಿಕೋಟ್ ಎಂಬ ಚಾವಟಿಯ ಏಟು. ನೀರಾನೆಯ ಹಸಿ ಚರ್ಮವನ್ನು ಒಣಗಿಸಿ, ಅಂಚು ಹರಿತವಾಗಿರುವಂತೆ ತಿರುಚಿದ ಚಾವಟಿ ಅದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೈ ಕಡಿಯುವುದು ಟ್ಯಾಪಿಂಗ್ ಮಾಡುವವನಿಗೆ ಕೊಡುವ ಶಿಕ್ಷೆಯಾಗಿ ಹುಟ್ಟಿದ್ದಲ್ಲ. ಅದು ಗುಂಡಿನ ಲೆಕ್ಕ. ರಬ್ಬರು ಕೊಡಲೊಲ್ಲದ ಊರಿನ ಮೇಲೆ ಸೈನಿಕರನ್ನು ಕಳಿಸುವಾಗ ತೋಟಾಗಳನ್ನು ಎಣಿಸಿ ಕೊಡುತ್ತಿದ್ದರು. ಬೆಲೆಬಾಳುವ ಆ ತೋಟಾಗಳನ್ನು ಸೈನಿಕರು ಬೇಟೆಗೆ ಬಳಸಿಬಿಟ್ಟಾರು, ದಂಗೆಗೆಂದು ಬಚ್ಚಿಟ್ಟಾರು ಎಂಬ ಸಂಶಯ ಬಿಳಿಯ ಅಧಿಕಾರಿಗಳಿಗಿತ್ತು. ಆದ್ದರಿಂದ ಸುಟ್ಟ ಒಂದೊಂದು ಗುಂಡಿಗೂ ಸತ್ತವನ ಬಲಗೈಯೊಂದನ್ನು ಪುರಾವೆಯಾಗಿ ತರಬೇಕೆಂಬ ಪದ್ಧತಿ ಬೆಳೆಯಿತು. ಗುರಿ ತಪ್ಪಿದವನು, ಕೋತಿಗೆ ಗುಂಡು ಹಾರಿಸಿದವನು ಲೆಕ್ಕ ಸರಿತೂಗಿಸಲು ಬದುಕಿರುವವರ ಕೈ ಕಡಿದು ತಂದ. ತಿಂಗಳಾನುಗಟ್ಟಲೆ ದಾರಿಯಲ್ಲಿ ಕೊಳೆಯದಿರಲೆಂದು ಆ ಕೈಗಳನ್ನು ಹೊಗೆಯಲ್ಲಿ ಒಣಗಿಸುತ್ತಿದ್ದರು. 1899ರಲ್ಲಿ ವಿಲಿಯಂ ಶೆಪರ್ಡ್ ಎಂಬ ಕಪ್ಪು ಅಮೆರಿಕನ್ ಮಿಷನರಿ ಇಂಥ ಹೊಗೆಯ ಮೇಲೆ ಹರಡಿದ್ದ ಕೈಗಳನ್ನು ಎಣಿಸಿ 81 ಎಂದು ಬರೆದಿಟ್ಟ. ನೀವು ಕೇಳಿದ ಧಣಿಗೆ ಕೈ ಕಳೆದುಕೊಂಡವನು ತನ್ನ ಕೆಲಸದವನೆಂದು ಅನಿಸಲೇ ಇಲ್ಲ. ಕೂಲಿ ಕೊಟ್ಟು ಕರೆದವನಲ್ಲ, ಹಣ ಕೊಟ್ಟು ಕೊಂಡವನೂ ಅಲ್ಲ. ಹಾಗಾಗಿ ಅವನು ಸತ್ತರೆ ಖಾತೆಯಲ್ಲಿ ನಷ್ಟವೆಂದು ಬರೆಯುವ ಅಗತ್ಯವೂ ಇರಲಿಲ್ಲ. ತೋಟಾ ಮಾತ್ರ ಖಾತೆಯಲ್ಲಿತ್ತು.

ಇದೆಲ್ಲ ಹೊರಜಗತ್ತಿಗೆ ತಿಳಿದದ್ದು ಹೇಗೆ?
— ನಿವೃತ್ತ ಲೆಕ್ಕಪರಿಶೋಧಕರು, ಶಿವಮೊಗ್ಗ

ನಿಮ್ಮ ವೃತ್ತಿಯವರಿಂದಲೇ ಎನ್ನಬಹುದು. ಎಡ್ಮಂಡ್ ಮೊರೆಲ್ ಎಂಬ ಯುವಕ ಲಿವರ್‌ಪೂಲಿನ ಎಲ್ಡರ್ ಡೆಂಪ್‌ಸ್ಟರ್ ಹಡಗು ಕಂಪನಿಯಲ್ಲಿ ಗುಮಾಸ್ತನಾಗಿದ್ದ. ಕಾಂಗೊ ಮತ್ತು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನ ನಡುವೆ ಸರಕು ಸಾಗಿಸುವ ಗುತ್ತಿಗೆ ಆ ಕಂಪನಿಯದೇ. ಆಂಟ್‌ವರ್ಪ್ ಕಟ್ಟೆಯಲ್ಲಿ ನಿಂತು ಅವನು ಕಂಡದ್ದು ಇಷ್ಟೇ: ಬರುವ ಹಡಗುಗಳು ರಬ್ಬರು ಮತ್ತು ದಂತದಿಂದ ಭರ್ತಿಯಾಗಿ ಬರುತ್ತವೆ; ಹೋಗುವ ಹಡಗುಗಳಲ್ಲಿ ಸೈನಿಕ ಅಧಿಕಾರಿಗಳು, ಬಂದೂಕು, ಮದ್ದುಗುಂಡು. ಇಷ್ಟೊಂದು ರಬ್ಬರಿಗೆ ಬೆಲೆಯಾಗಿ ಕಾಂಗೊದ ಜನರಿಗೆ ಸಲ್ಲಬೇಕಾದ ಸರಕು ಹಡಗಿನಲ್ಲಿ ಇಲ್ಲವೇ ಇಲ್ಲ. ಕೊಡುವುದಿಲ್ಲದೆ ತರುವುದಷ್ಟೇ ಇರುವ ವ್ಯಾಪಾರವನ್ನು ವ್ಯಾಪಾರ ಎನ್ನುವುದಿಲ್ಲವೆಂದು, ಕಾಂಗೊ ನೋಡದೆಯೇ, ಬರೀ ದಾಖಲೆಗಳಿಂದ ಅವನು ನಿರ್ಧರಿಸಿದ. 1901ರಲ್ಲಿ ಕೆಲಸ ಬಿಟ್ಟ. 1904ರಲ್ಲಿ ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ ಒಳನಾಡಿನಲ್ಲಿ ಸುತ್ತಾಡಿ ಬರೆದ ವರದಿ ಹೊರಬಂತು, ಅದೇ ವರ್ಷ ಮೊರೆಲ್ ಕಾಂಗೊ ಸುಧಾರಣಾ ಸಂಘವನ್ನು ಕಟ್ಟಿದ.

ಆದರೆ ಈ ಕಥೆಯಲ್ಲಿ ಬಿಳಿಯ ಒಳ್ಳೆಯವರನ್ನೇ ಮುಂದೆ ನಿಲ್ಲಿಸುವ ವಾಡಿಕೆ ನನಗೆ ಒಪ್ಪಿಗೆಯಿಲ್ಲ. ಅವರಿಗಿಂತ ಮೊದಲೇ, 1890ರಲ್ಲಿ, ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ ಎಂಬ ಕಪ್ಪು ಅಮೆರಿಕನ್ ಇತಿಹಾಸಕಾರ ಕಾಂಗೊಕ್ಕೆ ಹೋಗಿ ನೋಡಿ ಲಿಯೋಪೋಲ್ಡನಿಗೆ ಬಹಿರಂಗ ಪತ್ರ ಬರೆದಿದ್ದ. ಕಾಂಗೊದ ಸೈನಿಕರೇ 1895ರಲ್ಲಿ ಲುಲುವಾಬೂರ್ಗ್‌ನಲ್ಲಿ, ಮತ್ತೆ 1897ರಲ್ಲಿ ಬಂದೂಕು ತಿರುಗಿಸಿದ್ದರು. ಇನ್ನು ಲೋಕವೆಲ್ಲ ನೋಡಿದ ಆ ಛಾಯಾಚಿತ್ರ. ಅದನ್ನು ತೆಗೆದವರು ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಮಹಿಳೆ. ಆದರೆ ಆ ಚಿತ್ರ ಆಗಲು ಕಾರಣ ವಾಲಾ ಎಂಬ ಊರಿನ ನ್ಸಾಲಾ. 1904ರ ಮೇ 14ರಂದು ಅವನು ಬರಿಂಗಾ ಎಂಬಲ್ಲಿನ ಮಿಷನ್ ಮನೆಗೆ ಎಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ಹಿಡಿದು ಬಂದ. ರಬ್ಬರ್ ಕಂಪನಿಯ ಕಾವಲುಗಾರರು ಕೊಂದಿದ್ದ ಅವನ ಐದು ವರ್ಷದ ಮಗಳು ಬೋವಾಲಿಯ ದೇಹದಲ್ಲಿ ಉಳಿದಿದ್ದ ಒಂದು ಅಂಗೈ, ಒಂದು ಪಾದ ಅದರಲ್ಲಿತ್ತು. ಜಗುಲಿಯ ಮೇಲೆ ಅವನ್ನು ಮುಂದಿಟ್ಟುಕೊಂಡು ಅವನು ಪಕ್ಕಕ್ಕೆ ಮುಖ ಮಾಡಿ ಕುಳಿತಿದ್ದಾನೆ.

ರೈಲು, ರಸ್ತೆ, ಶಾಲೆ, ಆಸ್ಪತ್ರೆಗಳನ್ನು ತಂದವರೂ ಅವರೇ ಅಲ್ಲವೇ? ಒಳ್ಳೆಯದನ್ನೂ ಹೇಳಬೇಕಲ್ಲ?
— ಎಂಜಿನಿಯರ್, ಬೆಂಗಳೂರು

ಹೇಳೋಣ. ಮತಾಡಿ ಬಂದರಿನಿಂದ ಲಿಯೋಪೋಲ್ಡ್‌ವಿಲ್, ಅಂದರೆ ಇಂದಿನ ಕಿನ್ಶಾಸಾದವರೆಗಿನ ರೈಲು 1890ರಿಂದ 1898ರವರೆಗಿನ ಕಾಮಗಾರಿ. ಆ ಭಾಗದಲ್ಲಿ ಕಾಂಗೊ ನದಿ ಬಂಡೆಗಳ ಮೇಲೆ ಧುಮ್ಮಿಕ್ಕುವುದರಿಂದ ಹಡಗು ನಡೆಯುವುದಿಲ್ಲ. ಅಲ್ಲಿಯವರೆಗೆ ಸರಕೆಲ್ಲ ಹೊರೆಯಾಳುಗಳ ತಲೆಯ ಮೇಲೆ ಸಾಗಬೇಕಿತ್ತು. ರೈಲು ಬಂದ ಮೇಲೆ ಆ ಹೊರೆ ಇಳಿದದ್ದು ನಿಜ, ರಬ್ಬರಿನ ರಫ್ತು ಜಿಗಿದದ್ದೂ ನಿಜ. ಕಾಮಗಾರಿಯಲ್ಲಿ ಸತ್ತವರು ಅಧಿಕೃತ ಲೆಕ್ಕದಲ್ಲಿಯೇ 132 ಬಿಳಿಯರು, 1,800 ಬಿಳಿಯರಲ್ಲದವರು. ನೀವು ಎಂಜಿನಿಯರ್ ಆದ್ದರಿಂದ ಒಂದು ಮಾತು: ರೈಲಿನ ಹಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೇ ಅದು ಯಾರಿಗಾಗಿ ಎಂಬುದನ್ನು ಹೇಳುತ್ತದೆ. ಈ ಹಳಿ ಹೋದದ್ದು ಒಳನಾಡಿನಿಂದ ಬಂದರಿಗೆ.

1908ರ ನವೆಂಬರ್‌ನಲ್ಲಿ ಬೆಲ್ಜಿಯಂ ಸರ್ಕಾರ ಕಾಂಗೊವನ್ನು ದೊರೆಯ ಕೈಯಿಂದ ತಾನು ವಹಿಸಿಕೊಂಡ ಮೇಲೆ ಪ್ರಾಥಮಿಕ ಶಾಲೆಗಳೂ ಆಸ್ಪತ್ರೆಗಳೂ ಗಣನೀಯವಾಗಿ ಹೆಚ್ಚಿದವು, ಅದನ್ನು ಅಲ್ಲಗಳೆಯಲಾರೆ. ಆದರೆ ಏಣಿಗೆ ಕೆಳಗಿನ ಎರಡೇ ಮೆಟ್ಟಿಲು. ಮೊದಲ ವಿಶ್ವವಿದ್ಯಾಲಯ ಲೊವೇನಿಯಂ 1954ರಲ್ಲಿ ತೆರೆಯಿತು. 1960ರ ಜೂನ್ 30ರಂದು ಸ್ವಾತಂತ್ರ್ಯ ಬಂದಾಗ ಅಷ್ಟು ದೊಡ್ಡ ದೇಶದಲ್ಲಿ ಕಾಂಗೊ ಮೂಲದ ಪದವೀಧರರು ಬೆರಳೆಣಿಕೆಯವರು, ಸೈನ್ಯದಲ್ಲಿ ಕಪ್ಪು ಅಧಿಕಾರಿ ಒಬ್ಬನೂ ಇಲ್ಲ. ಸ್ವಾತಂತ್ರ್ಯ ಬಂದು ವಾರವೂ ಕಳೆದಿರಲಿಲ್ಲ, ಬೆಲ್ಜಿಯನ್ ಸೇನಾಪತಿ ಜಾನ್ಸೆನ್ಸ್ ತನ್ನ ಸೈನಿಕರನ್ನು ಸೇರಿಸಿ ಕಪ್ಪು ಹಲಗೆಯ ಮೇಲೆ 'ಸ್ವಾತಂತ್ರ್ಯದ ಮೊದಲು = ಸ್ವಾತಂತ್ರ್ಯದ ನಂತರ' ಎಂದು ಬರೆದು ತೋರಿಸಿದ. ಸೈನ್ಯ ದಂಗೆಯೆದ್ದಿತು.

ಲಿಯೋಪೋಲ್ಡ್ ಒಬ್ಬ ದುಷ್ಟ. ಉಳಿದ ಯುರೋಪಿನವರು ಅಷ್ಟು ಕೆಟ್ಟವರಾಗಿರಲಿಲ್ಲ ಎನ್ನಬಹುದೇ?
— ಪದವಿ ವಿದ್ಯಾರ್ಥಿ, ಮೈಸೂರು

ಲಿಯೋಪೋಲ್ಡನೊಬ್ಬನ ಮೇಲೆ ಎಲ್ಲವನ್ನೂ ಹೊರಿಸಿದರೆ ಉಳಿದವರಿಗೆ ಬಹಳ ಅನುಕೂಲ. ನದಿಯ ಆಚೆ ದಡದ ಫ್ರೆಂಚ್ ಕಾಂಗೊವನ್ನೇ ತೆಗೆದುಕೊಳ್ಳಿ. ಲಿಯೋಪೋಲ್ಡನ ಲಾಭ ಕಂಡು 1899ರಲ್ಲಿ ಫ್ರಾನ್ಸ್ ಅಲ್ಲಿನ ಕಾಡನ್ನು ನಲವತ್ತು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಅದೇ ರಬ್ಬರು, ಅದೇ ಒತ್ತೆಯಾಳು. ಜರ್ಮನರ ನೈರುತ್ಯ ಆಫ್ರಿಕಾದಲ್ಲಿ ಹೆರೆರೊ ಜನರು ದಂಗೆಯೆದ್ದಾಗ ಸೇನಾನಿ ಫಾನ್ ಟ್ರೋಟಾ ಅವರನ್ನು ಓಮಾಹೆಕೆ ಮರುಭೂಮಿಗೆ ಅಟ್ಟಿ, 1904ರ ಅಕ್ಟೋಬರ್‌ನಲ್ಲಿ, ಗಡಿಯೊಳಗೆ ಸಿಕ್ಕ ಪ್ರತಿ ಹೆರೆರೊವನ್ನು ಗುಂಡಿಕ್ಕಬೇಕೆಂದು ಲಿಖಿತ ಆಜ್ಞೆ ಹೊರಡಿಸಿದ. ಅದನ್ನು ನರಮೇಧವೆಂದು ಜರ್ಮನ್ ಸರ್ಕಾರ ಒಪ್ಪಿದ್ದು 2021ರಲ್ಲಿ.

ರಕ್ತ ಕಡಿಮೆ ಕಾಣುವ ಕಡೆಗಳಲ್ಲೂ ಯಂತ್ರ ಒಂದೇ, ಅದರ ಹೆಸರು ತೆರಿಗೆ. ಮನೆ ತೆರಿಗೆ ಎಂದರೆ ನಮ್ಮ ಪಂಚಾಯಿತಿಯ ಮನೆ ಕಂದಾಯದಂತೆ ಬೀದಿದೀಪಕ್ಕೋ ನೀರಿಗೋ ಕೊಡುವ ಹಣವೆಂದು ತಿಳಿಯಬೇಡಿ. ನಾಣ್ಯವನ್ನೇ ಹೆಚ್ಚು ಬಳಸದ ಊರಿನಲ್ಲಿ, ಪ್ರತಿ ಗುಡಿಸಲಿಗೆ ಇಷ್ಟು ನಾಣ್ಯ ಕೊಡಬೇಕೆಂದು ವಿಧಿಸಿದರೆ, ಆ ನಾಣ್ಯಕ್ಕಾಗಿ ಗಂಡಸರು ಬಿಳಿಯರ ತೋಟಕ್ಕೋ ಗಣಿಗೋ ದುಡಿಯಲು ಹೋಗಲೇಬೇಕು. ತೆರಿಗೆಯ ನಿಜವಾದ ಫಸಲು ಹಣವಲ್ಲ, ಆಳು. ಸಿಯೆರಾ ಲಿಯೋನಿನಲ್ಲಿ ಬ್ರಿಟಿಷರು ಹೀಗೆ ಮನೆಗೆ ಐದು ಶಿಲಿಂಗ್ ಹೇರಿದಾಗ 1898ರಲ್ಲಿ ಬಾಯ್ ಬುರೆಹ್ ಎಂಬ ಮುಖ್ಯಸ್ಥ ತಿರುಗಿಬಿದ್ದ. ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ತಲೆಗೊಂದು ಪೌಂಡ್ ತೆರಿಗೆಯ ವಿರುದ್ಧ 1906ರಲ್ಲಿ ಬಂಬಾಠನ ನೇತೃತ್ವದ ಜುಲು ದಂಗೆಯಾಯಿತು. ಗಾಂಧೀಜಿ ಬ್ರಿಟಿಷರ ಪರವಾಗಿ ಭಾರತೀಯರ ಡೋಲಿ ಪಡೆ ಕಟ್ಟಿಕೊಂಡು ಹೋಗಿ, ಕೊನೆಗೆ ಗಾಯಗೊಂಡ ಜುಲು ಜನರ ಶುಶ್ರೂಷೆ ಮಾಡಬೇಕಾಗಿ ಬಂದದ್ದು ಇದೇ ಸಂದರ್ಭದಲ್ಲಿ. ಕೀನ್ಯಾದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಆಫ್ರಿಕನ್ ಗಂಡಸರು ಕಿಪಾಂಡೆ ಎಂಬ ಗುರುತುಪತ್ರವನ್ನು ಲೋಹದ ಪುಟ್ಟ ಡಬ್ಬಿಯಲ್ಲಿಟ್ಟು ಒಯ್ಯಬೇಕಾಯಿತು. ಹೆಬ್ಬೆಟ್ಟಿನ ಗುರುತು, ಎಲ್ಲಿ ಕೆಲಸ, ಎಷ್ಟು ಸಂಬಳ, ಯಾವಾಗ ಬಿಟ್ಟ ಎಂಬುದೆಲ್ಲ ಅದರೊಳಗೆ. ಬಹಳ ಮಂದಿ ಅದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು.

ನಮ್ಮ ತಾಲ್ಲೂಕಿನ ಸಿದ್ದಿಗಳು ಈ ಕಾಲದಲ್ಲಿ ಬಂದವರೇ?
— ಓದುಗರು, ಯಲ್ಲಾಪುರ

ಅಲ್ಲ, ಅದು ಹೆಚ್ಚು ಹಳೆಯ ಕಥೆ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹುಪಾಲು ಜನರ ಹಿರಿಯರು ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರ ಗುಲಾಮ ವ್ಯಾಪಾರದ ಮೂಲಕ ಗೋವಾಕ್ಕೆ ಬಂದು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಪಡೆದೋ ನಿಮ್ಮ ಕಾಡುಗಳನ್ನು ಸೇರಿದವರು. ವಿಪರ್ಯಾಸವೆಂದರೆ, ಗುಲಾಮ ವ್ಯಾಪಾರವನ್ನು ನಿಲ್ಲಿಸುತ್ತೇವೆ ಎಂಬುದೇ 1880ರ ದಶಕದಲ್ಲಿ ಆಫ್ರಿಕಾದ ಒಳನಾಡಿಗೆ ನುಗ್ಗಲು ಯುರೋಪಿನವರು ಕೊಟ್ಟ ದೊಡ್ಡ ನೆಪ.

1961ರಲ್ಲಿ ನಮ್ಮ ಸೈನಿಕರು ಕಾಂಗೊಕ್ಕೆ ಹೋದದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?
— ನಿವೃತ್ತ ಸುಬೇದಾರರು, ಮಡಿಕೇರಿ

ನೇರ ಸಂಬಂಧವಿದೆ. ತಾಮ್ರದ ಗಣಿಗಳ ಕಟಾಂಗಾ ಪ್ರಾಂತ್ಯ 1960ರ ಜುಲೈ 11ರಂದು, ಬೆಲ್ಜಿಯನ್ ಬೆಂಬಲದಿಂದ, ಹೊಸ ದೇಶದಿಂದ ಸಿಡಿದು ನಿಂತಿತು. ಪ್ರಧಾನಿ ಪ್ಯಾಟ್ರಿಸ್ ಲುಮುಂಬಾರನ್ನು 1961ರ ಜನವರಿ 17ರಂದು ಅಲ್ಲಿಗೇ ಒಯ್ದು ಕೊಂದರು. ವಿಶ್ವಸಂಸ್ಥೆಯ ಪಡೆಯಲ್ಲಿದ್ದ ನಮ್ಮ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ 1961ರ ಡಿಸೆಂಬರ್ 5ರಂದು ಮಡಿದು ಪರಮವೀರ ಚಕ್ರ ಪಡೆದದ್ದು ಆ ಪ್ರಾಂತ್ಯದ ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ.

ಕಾಂಗೊದಲ್ಲಿ ಒಂದು ಕೋಟಿ ಜನ ಸತ್ತರೆಂದು ಎಲ್ಲೆಡೆ ಬರೆಯುತ್ತಾರೆ. ಈ ಸಂಖ್ಯೆಯನ್ನು ನಂಬಬಹುದೇ?
— ಓದುಗರು, ತುಮಕೂರು

ಅದನ್ನು ಅಂದಾಜೆಂದು ತಿಳಿಯಿರಿ, ಎಣಿಕೆಯೆಂದು ಅಲ್ಲ. ಜನಗಣತಿಯ ಮೊದಲ ಪ್ರಯತ್ನ ನಡೆದದ್ದು 1920ರ ದಶಕದಲ್ಲಿ. ಲಿಯೋಪೋಲ್ಡನ ಕಾಲದಿಂದ ಅಲ್ಲಿಯವರೆಗೆ ಜನಸಂಖ್ಯೆ ಅರ್ಧಕ್ಕಿಳಿದಿರಬೇಕು ಎಂಬ ಊಹೆಯಿಂದ ಹಿಂದಕ್ಕೆ ಎಣಿಸಿದಾಗ ಒಂದು ಕೋಟಿ ಬರುತ್ತದೆ. ಅಷ್ಟಿರಲಾರದು ಎನ್ನುವ ಇತಿಹಾಸಕಾರರೂ ಇದ್ದಾರೆ. ಅದರಲ್ಲಿ ಗುಂಡಿಗೆ ಸಿಕ್ಕವರು ಒಂದು ಪಾಲು ಮಾತ್ರ. ಹಸಿವಿನಿಂದ, ಊರು ಬಿಟ್ಟು ಕಾಡಿನಲ್ಲಿ ಅಡಗಿ, ನಿದ್ರಾರೋಗ ಮತ್ತು ಸಿಡುಬಿನಿಂದ ಸತ್ತವರು, ಗಂಡ ಕಾಡಿನಲ್ಲಿ ಹೆಂಡತಿ ಬೇಲಿಯೊಳಗೆ ಇದ್ದುದರಿಂದ ಹುಟ್ಟದೇ ಹೋದ ಮಕ್ಕಳು, ಎಲ್ಲ ಸೇರಿದ ಕುಸಿತ ಅದು. ರಬ್ಬರನ್ನು ಕಿಲೋ ಲೆಕ್ಕದಲ್ಲಿ, ತೋಟಾವನ್ನು ಬಿಡಿ ಲೆಕ್ಕದಲ್ಲಿ ಬರೆದಿಟ್ಟ ಸರ್ಕಾರ ಮನುಷ್ಯರನ್ನು ಬರೆದಿಡಲಿಲ್ಲ. ಬರೆದದ್ದರಲ್ಲಿಯೂ ಬಹಳಷ್ಟನ್ನು 1908ರ ಆಗಸ್ಟ್‌ನಲ್ಲಿ, ಅಧಿಕಾರ ಬಿಟ್ಟುಕೊಡುವ ಮುನ್ನ, ಲಿಯೋಪೋಲ್ಡ್ ಬ್ರಸೆಲ್ಸಿನಲ್ಲಿ ಎಂಟು ದಿನ ಒಲೆ ಉರಿಸಿ ಸುಡಿಸಿದ.

ಎಣಿಸಿದವರು ಇರಲಿಲ್ಲವೆಂದಲ್ಲ. ಕೇಸ್‌ಮೆಂಟ್ ವರದಿಯ ಒತ್ತಡಕ್ಕೆ ಲಿಯೋಪೋಲ್ಡನೇ ನೇಮಿಸಬೇಕಾಗಿ ಬಂದ ಮೂವರು ನ್ಯಾಯಾಧೀಶರ ವಿಚಾರಣಾ ಆಯೋಗ 1904–05ರಲ್ಲಿ ಕಾಂಗೊದಲ್ಲಿ ಸಾಕ್ಷ್ಯ ಕೇಳಿತು. ಬೊಲಿಮಾ ಎಂಬಲ್ಲಿನ ಮುಖ್ಯಸ್ಥ ಲೊಂಟುಲು, ಚಾವಟಿಯ ಏಟನ್ನೂ ಒತ್ತೆಸೆರೆಯನ್ನೂ ಸಂಕೋಲೆಯನ್ನೂ ಉಂಡವನು, ತನ್ನ ಸರದಿ ಬಂದಾಗ ಒಂದು ಕಟ್ಟು ಕಡ್ಡಿ ತಂದು ಅವರ ಮೇಜಿನ ಮೇಲಿಟ್ಟ. ಒಟ್ಟು 110 ಕಡ್ಡಿಗಳು, ರಬ್ಬರಿನ ಸಲುವಾಗಿ ಸತ್ತ ತನ್ನವರಿಗೆ ತಲೆಗೊಂದರಂತೆ. ಅವನ್ನು ನಾಲ್ಕು ಗುಂಪು ಮಾಡಿದ: ಊರಿನ ಹಿರಿಯರು, ಗಂಡಸರು, ಹೆಂಗಸರು, ಮಕ್ಕಳು. ಆಮೇಲೆ ಒಂದೊಂದೇ ಕಡ್ಡಿಗೆ ಸತ್ತವರ ಹೆಸರು ಹೇಳುತ್ತ ಹೋದ. ಅಂಥ ಸಾಕ್ಷ್ಯಗಳನ್ನು ಆಯೋಗದ ವರದಿಯಲ್ಲಿ ಅಚ್ಚು ಹಾಕಲಿಲ್ಲ.